ಉತ್ತರ ಸಮುದ್ರದ ಒಡ್ಡಿನಿಂದ ಬಂದ ಕಿಟೆಲ್



ನವೆಂಬರ್ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರ ಎಲ್ಲ ಕಡೆಯ ನಮ್ಮ ಕಾರ್ಯಕ್ರಮಗಳಲ್ಲಿ ಕಿಟೆಲ್ ಅವರ ಹೆಸರು ಒಮ್ಮೆಯಾದರೂ ಬರುತ್ತದೆ. ಜರ್ಮನಿಯಿಂದ ಬಂದರು, ಕನ್ನಡ ಕಲಿತರು, ನಿಘಂಟು ಮಾಡಿದರು ಎಂದು ಮೂರು ಮಾತು ಹೇಳಿ ಭಾಷಣಕಾರರು ಮುಂದೆ ಸಾಗುತ್ತಾರೆ. ಆದರೆ ಜರ್ಮನಿಯ ಯಾವ ಮೂಲೆಯಿಂದ ಬಂದರು, ಅಲ್ಲಿನ ನೆಲ-ನೀರು ಎಂಥದು ಎಂಬುದನ್ನು ಹೇಳುವವರು ಕಡಿಮೆ. ಈ ಸಲದ ಬರಹದಲ್ಲಿ ಮೊದಲು ಆ ಕಡಲ ದಂಡೆಗೇ ಹೋಗಿ ಬರೋಣ. ನಮ್ಮ ಊರುಗಳಿಂದ ಯಾವ ಕಡಲಿಗೆ ಹೋಗಬೇಕೆಂದರೂ ಒಂದು ರಾತ್ರಿಯ ಪ್ರಯಾಣವಾದರೂ ಬೇಕು. ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ನೋಡೋಣ. ಮೊಬೈಲಿನಲ್ಲಿ ನಕಾಶೆ ತೆಗೆದಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಜರ್ಮನಿಯ ವಾಯವ್ಯ ತುದಿಯಲ್ಲಿ, ನೆದರ್ಲೆಂಡ್ಸ್ ಗಡಿಗೆ ತಾಗಿ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆ ಇದೆ. ಅದರ ಉತ್ತರಕ್ಕೆ ಉತ್ತರ ಸಮುದ್ರ. ಕಡಲಿನಿಂದ ಕೆಲವೇ ಕಿಲೋಮೀಟರು ಒಳಗೆ ಡೋರ್ನುಮ್ ಎಂಬ ಸಣ್ಣ ಪಟ್ಟಣ, ಅದರ ಪಕ್ಕದಲ್ಲಿ ರೆಸ್ಟರ್‌ಹಾಫೆ ಎಂಬ ಹಳ್ಳಿ. ಅಲ್ಲಿನ ಚರ್ಚಿನ ಪಾದ್ರಿಯ ಮನೆಯಲ್ಲಿ 1832ರ ಏಪ್ರಿಲ್‌ನಲ್ಲಿ ಫರ್ಡಿನೆಂಡ್ ಕಿಟೆಲ್ ಹುಟ್ಟಿದರು. ಆಗ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ಆ ಸೀಮೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಹ್ಯಾನೋವರಿಗೂ ಇಂಗ್ಲೆಂಡಿಗೂ ಒಬ್ಬನೇ ರಾಜ, ನಾಲ್ಕನೆಯ ವಿಲಿಯಂ. ಕಂಪನಿ ಸರ್ಕಾರದ ಧಾರವಾಡದ ಮೇಲೂ ಆ ಪಾದ್ರಿಯ ಮನೆಯ ಮೇಲೂ ಆಗ ಒಂದೇ ಕಿರೀಟದ ನೆರಳಿತ್ತು ಎಂದರೆ ತಪ್ಪಾಗಲಾರದು.

ರೆಸ್ಟರ್‌ಹಾಫೆಯಿಂದ ಉತ್ತರಕ್ಕೆ ನಡೆಯುತ್ತ ಹೋದರೆ ಕಾಣುವುದು ಗುಡ್ಡವಿಲ್ಲದ, ದಿಣ್ಣೆಯಿಲ್ಲದ ಸಪಾಟು ನೆಲ. ಕಣ್ಣಿಗೆ ತಡೆಯೇ ಇಲ್ಲ. ದೂರದ ಚರ್ಚಿನ ಗೋಪುರ, ಗಾಳಿಗೆ ಒಂದೇ ಕಡೆ ಬಾಗಿದ ಮರಗಳು, ಹಸುಗಳು ಮೇಯುವ ಹುಲ್ಲುಗಾವಲು, ಅದರ ನಡುವೆ ನೇರವಾಗಿ ತೋಡಿದ ಕಾಲುವೆಗಳು. ಮಣ್ಣು ಜಿಗುಟು ಜೇಡಿ. ಮಳೆಯಲ್ಲಿ ನಮ್ಮ ಎರಿ ಹೊಲಕ್ಕೆ ಇಳಿದವರಿಗೆ ಅಲ್ಲಿನ ರೈತನ ಕಾಲು ಎಷ್ಟು ಭಾರವಾಗುತ್ತದೆಂದು ಬೇರೆ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ಕರಿಮಣ್ಣು ಬಂಡೆ ಕರಗಿ ಆದದ್ದು, ಅವರ ಮಣ್ಣು ಕಡಲು ತಂದು ಹಾಕಿದ್ದು. ಆ ಹೊಲಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಸಮುದ್ರವೇ ಆಗಿತ್ತು. ತಲೆಮಾರುಗಳ ಕಾಲ ಮಣ್ಣಿನ ಒಡ್ಡು ಹಾಕಿ, ಹಿಂದೆ ನಿಂತ ನೀರನ್ನು ಹರಿಸಿ, ಉಪ್ಪು ತೊಳೆದು ಅದನ್ನು ಉಳುವ ಭೂಮಿ ಮಾಡಿದರು.

ಹೀಗೆ ನಡೆದು ಕೊನೆಗೆ ಬರುವುದು ಹುಲ್ಲು ಹೊದ್ದ ಎತ್ತರದ ಏರಿ. ಅದೇ ಕಡಲೊಡ್ಡು. ಕೆಳಗೆ ನಿಂತವನಿಗೆ ಕಡಲು ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ನಮ್ಮ ಹೊಲದ ಒಡ್ಡು ಮಳೆ ನೀರು ಹೋಗದಂತೆ ಹಿಡಿಯುತ್ತದೆ, ಆ ಒಡ್ಡು ಉಪ್ಪು ನೀರು ಬಾರದಂತೆ ತಡೆಯುತ್ತದೆ. ಒಳಗೆ ಸೇರುವ ಮಳೆ ನೀರಿಗೂ ದಾರಿ ಬೇಕಲ್ಲ? ಅದಕ್ಕೆ ಒಡ್ಡಿನಲ್ಲಿ ಅಲ್ಲಲ್ಲಿ ಬಾಗಿಲು ಇಟ್ಟಿದ್ದಾರೆ. ಕಡಲು ಇಳಿದಾಗ ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಕಡಲು ಏರಿದಾಗ ಅದರ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ಬಾಗಿಲಿಗೆ ಅವರು ಸೀಲ್ ಎನ್ನುತ್ತಾರೆ. ಆ ದಂಡೆಯ ಊರುಗಳ ಹೆಸರಿನ ಕೊನೆಗೆ ಸೀಲ್ ಎಂದು ಬರುವುದು ಇದೇ ಕಾರಣಕ್ಕೆ: ಡೋರ್ನುಮರ್‌ಸೀಲ್, ನೆಸ್ಮರ್‌ಸೀಲ್, ಬೆನ್ಸರ್‌ಸೀಲ್.

ಒಡ್ಡಿನ ಮೇಲೆ ಹತ್ತಿದರೆ ಎದುರಿಗೆ ದಿನಕ್ಕೆ ಎರಡು ಬಗೆಯ ನೋಟ. ಮರಾಠಿಯಲ್ಲಿ ಭರತಿ, ಓಹೋಟಿ ಎಂದು ಓದಿದ ನಮ್ಮ ಮಕ್ಕಳಿಗೆ ಕನ್ನಡದ ಉಬ್ಬರ, ಇಳಿತ ಎಂಬ ಮಾತನ್ನು ಇಲ್ಲಿ ನೆನಪಿಸಬಹುದು. ಉಬ್ಬರದಲ್ಲಿ ಒಡ್ಡಿನ ಬುಡದವರೆಗೆ ಬೂದು ಬಣ್ಣದ ನೀರು. ಸುಮಾರು ಆರು ತಾಸು ಕಳೆದರೆ ಅದೇ ಜಾಗದಲ್ಲಿ ಕಿಲೋಮೀಟರುಗಟ್ಟಲೆ ಹೊಳೆಯುವ ಕೆಸರು ಬಯಲು, ನಡುನಡುವೆ ಹಾವಿನಂತೆ ಹರಿಯುವ ಸಣ್ಣ ಕಾಲುವೆಗಳು. ಆ ಬಯಲಿಗೆ ವಾಟ್ ಎಂದು ಹೆಸರು. ಎದುರಿಗೆ ಮರಳು ದ್ವೀಪಗಳ ಸಾಲು, ಬಾಲ್ಟ್ರುಮ್, ಲಾಂಗೆಓಗ್ ಇತ್ಯಾದಿ. ಇಳಿತದ ಹೊತ್ತು ನೋಡಿಕೊಂಡು, ದಾರಿ ಬಲ್ಲವರ ಹಿಂದೆ, ನೆಸ್ಮರ್‌ಸೀಲ್‌ನಿಂದ ಬಾಲ್ಟ್ರುಮ್ ದ್ವೀಪಕ್ಕೆ ಬರಿಗಾಲಲ್ಲೇ ನಡೆದು ಹೋಗುತ್ತಾರೆ. ತಡ ಮಾಡಿದರೆ ಕಾಲುವೆಗಳು ಹಿಂದಿನಿಂದ ತುಂಬಿಕೊಳ್ಳುತ್ತವೆ, ತಿರುಗಿ ಬರಲು ದಾರಿ ಇರುವುದಿಲ್ಲ. ಗೊತ್ತಿಲ್ಲದವರು ಒಬ್ಬರೇ ಇಳಿಯುವ ಜಾಗ ಅದಲ್ಲ.

ಕೆಸರು ಎಂದು ಮೂಗು ಮುರಿಯುವ ಹಾಗಿಲ್ಲ. ಅದರ ತುಂಬ ಹುಳ, ಚಿಪ್ಪುಜೀವಿ, ಸಿಗಡಿ. ಅದನ್ನು ತಿನ್ನಲು ವರ್ಷಕ್ಕೆ ಸುಮಾರು ಒಂದು ಕೋಟಿಗೂ ಮೇಲೆ ವಲಸೆ ಹಕ್ಕಿಗಳು ಆ ಕರಾವಳಿಗೆ ಬಂದು ಹೋಗುತ್ತವೆ. ಸೈಬೀರಿಯಾದ ಕಡೆಯಿಂದ ಬರುವ ಹೆಬ್ಬಾತುಗಳ ಹಿಂಡು ಹುಲ್ಲುಗಾವಲಿನಲ್ಲಿ ಇಳಿದರೆ ನೆಲವೇ ಕಾಣುವುದಿಲ್ಲ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳನ್ನು ನೋಡಿದವರು ಅದನ್ನು ನೂರು ಪಟ್ಟು ಹೆಚ್ಚಿಸಿ ಕಲ್ಪಿಸಿಕೊಳ್ಳಬಹುದು. ಮರಳು ದಿಬ್ಬಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು (ಒಡ್ಡಿನ ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲ) ಬಿಸಿಲು ಕಾಯುತ್ತ ಮಲಗಿರುತ್ತವೆ. 2009ರಲ್ಲಿ ಯುನೆಸ್ಕೊ ಈ ಕೆಸರು ಬಯಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ನೆಲದ ಒಂದು ಹಳೆಯ ಕಟ್ಟಳೆ ನಮಗೆ ಬಹಳ ಹಿಡಿಸಿತು. ಒಡ್ಡಿನ ಇಷ್ಟಿಷ್ಟು ಉದ್ದ ಇಂಥವನ ಪಾಲು ಎಂದು ಹಂಚಿರುತ್ತಿದ್ದರು. ತನ್ನ ಪಾಲನ್ನು ದುರಸ್ತಿ ಇಡಲು ಶಕ್ತಿಯಿಲ್ಲದವನು ತನ್ನ ಸಲಿಕೆಯನ್ನು ಒಡ್ಡಿನಲ್ಲಿ ನೆಟ್ಟು ಹೊರಟುಬಿಡಬೇಕು. ಆ ಸಲಿಕೆಯನ್ನು ಕಿತ್ತವನಿಗೆ ಹೊಲವೂ ಸೇರುತ್ತದೆ, ಒಡ್ಡು ಕಾಯುವ ಹೊಣೆಯೂ ಸೇರುತ್ತದೆ. ಒಬ್ಬನ ಪಾಲು ಒಡೆದರೆ ಊರೇ ಮುಳುಗುವಾಗ ಬೇರೆ ನ್ಯಾಯ ನಡೆಯುವುದಿಲ್ಲ. ಮುಳುಗಿದ ಊರುಗಳೂ ಕಡಿಮೆಯಿಲ್ಲ. 1717ರ ಕ್ರಿಸ್‌ಮಸ್ ರಾತ್ರಿಯ ಬಿರುಗಾಳಿ ಉಬ್ಬರಕ್ಕೆ ಆ ಕರಾವಳಿಯಲ್ಲಿ ಸಾವಿರಾರು ಜನ ಸತ್ತರು. ಕಿಟೆಲ್ ಹುಟ್ಟುವ ಏಳು ವರ್ಷ ಮೊದಲು, 1825ರ ಫೆಬ್ರವರಿಯಲ್ಲಿ ಮತ್ತೆ ಒಡ್ಡುಗಳು ಒಡೆದವು. ಅವರು ಚಿಕ್ಕವರಿದ್ದಾಗ ಆ ಸುತ್ತಿನ ದೊಡ್ಡವರಿಗೆಲ್ಲ ಅದು ಕಣ್ಣಾರೆ ಕಂಡ ಸಂಗತಿ.

ಕಡಲು ಅಲ್ಲಿ ಹೊಲವನ್ನಷ್ಟೇ ನುಂಗಲಿಲ್ಲ, ಮಾತನ್ನೂ ನುಂಗಿತು. ಗಡಿಯ ಜನರಾದ ನಮಗೆ ಇದು ಮುಖ್ಯ. ಪೂರ್ವ ಫ್ರೀಸ್‌ಲ್ಯಾಂಡಿನ ಮೂಲ ಮಾತು ಫ್ರೀಸಿಯನ್. ನಿಧಾನವಾಗಿ ಅದರ ಜಾಗಕ್ಕೆ ಕೆಳನಾಡಿನ ಜರ್ಮನ್ ಬಂತು. ಅದು ಮನೆಯ ಮಾತಾಯಿತು. ಶಾಲೆಗೆ, ಚರ್ಚಿಗೆ, ಕಚೇರಿಗೆ ಮೇಲುನಾಡಿನ ಜರ್ಮನ್. ಪಶ್ಚಿಮ ಭಾಗದ ಕೆಲವು ಚರ್ಚುಗಳಲ್ಲಿ ಡಚ್. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು. ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯ ಕಾಣುವುದಿಲ್ಲ. ರೆಸ್ಟರ್‌ಹಾಫೆಗೆ ದೂರವಲ್ಲದ ಸ್ಟೆಡೆಸ್‌ಡಾರ್ಫ್ ಎಂಬ ಊರಿನ ಪಾದ್ರಿ ಕಾಡೋವಿಯಸ್ ಮ್ಯೂಲರ್ 1691ರಲ್ಲೇ ಹಳೆಯ ಫ್ರೀಸಿಯನ್ ಶಬ್ದಗಳನ್ನು ಬರೆದಿಟ್ಟರು. ಆ ಮಾತು ಅಲ್ಲಿ ಆಗಲೇ ಸಾಯುತ್ತಿತ್ತು.

ಅದೇ ದ್ವೀಪಸಾಲಿನ ಪೂರ್ವ ತುದಿಯ ವಾಂಗರೋಗೆ ದ್ವೀಪದಲ್ಲಿ ಮಾತ್ರ ಅದು ಉಳಿದಿತ್ತು. ಕಿಟೆಲ್ ಇನ್ನೂ ಹುಡುಗನಾಗಿದ್ದಾಗ ಎರೆನ್‌ಟ್ರೌಟ್ ಎಂಬ ವಿದ್ವಾಂಸರು ಆ ದ್ವೀಪಕ್ಕೆ ಹೋಗಿ ಜನರ ಮಾತು, ಕಥೆ, ಶಬ್ದಗಳನ್ನು ಬರೆದುಕೊಂಡರು. 1855ರ ಹೊಸವರ್ಷದ ಹೊತ್ತಿನ ಉಬ್ಬರದಲ್ಲಿ ದ್ವೀಪದ ಹಳ್ಳಿ ಹಾಳಾಯಿತು. ಬಹುಪಾಲು ಮನೆಗಳವರು ಎದ್ದು ಒಳನಾಡಿನ ವಾರೆಲ್ ಎಂಬ ಊರಿನ ಬಳಿ ಹೋಗಿ ನೆಲೆಸಿದರು. ಒಂದು ಊರು ಒಂದೇ ರಾತ್ರಿ ಇಲ್ಲವಾಗಿ, ಉಳಿದವರು ಬೇರೆ ಜಾಗದಲ್ಲಿ ಹೊಸ ಓಣಿ ಕಟ್ಟಿಕೊಳ್ಳುವುದೆಂದರೆ ಏನೆಂದು ಕಿಲ್ಲಾರಿ, ಸಾಸ್ತೂರು ಕಡೆಯ ನಮ್ಮವರಿಗೆ 1993ರ ಸೆಪ್ಟೆಂಬರ್ 30ರಿಂದ ಗೊತ್ತು. ವಾರೆಲ್‌ಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಸುತ್ತಲಿನವರ ಮಾತಿಗೆ ಹೊರಳಿದರು. 1950ರ ಹೊತ್ತಿಗೆ ಆ ಮಾತನ್ನು ಆಡುವ ಕೊನೆಯವರೂ ತೀರಿಕೊಂಡರು. ಇಂದು ಅದರ ಬಗ್ಗೆ ತಿಳಿದದ್ದರಲ್ಲಿ ದೊಡ್ಡ ಪಾಲು ಎರೆನ್‌ಟ್ರೌಟ್ ಬರೆದುಕೊಂಡ ಪುಟಗಳಿಂದ ಬಂದದ್ದು. ಪೂರ್ವದ ಫ್ರೀಸಿಯನ್ ಈಗ ಒಳನಾಡಿನ ಜಾಟರ್‌ಲ್ಯಾಂಡ್ ಎಂಬ ಕಡೆ, ಸುಮಾರು ಎರಡು ಸಾವಿರ ಜನರ ಬಾಯಲ್ಲಿ ಮಾತ್ರ ಇದೆ. ಸುತ್ತ ಜೌಗು ಇದ್ದು ಹೊರಗಿನ ಓಡಾಟ ಕಡಿಮೆಯಿದ್ದುದರಿಂದ ಅಲ್ಲಿ ಉಳಿಯಿತು.

ಇಂಥ ಸೀಮೆಯ ಹುಡುಗ ಔರಿಖ್ ಪಟ್ಟಣದ ಶಾಲೆಗೆ ಹೋದ. ಔರಿಖ್ ಕಡಲಿನಿಂದ ಒಳಗೆ, ಎತ್ತರದ ಮರಳು ನೆಲದಲ್ಲಿದೆ. ಅಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ ಅಲ್ಲಿನ ಮಿಶನ್ನಿನ ತರಬೇತಿ ಶಾಲೆ ಸೇರಿದ. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಕಿಟೆಲ್ ಅವರನ್ನು ಕನ್ನಡ ನಾಡಿಗೆ ಕಳಿಸಿದರು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ.

ಕಿಟೆಲ್ ಬಂದದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆ. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಸರಿಯಲ್ಲ. ಆದರೆ ಧಾರವಾಡದಲ್ಲಿ ಕನ್ನಡ ಕಲಿಯತೊಡಗಿದ ಮೇಲೆ ಅವರ ದಾರಿ ಉಳಿದ ಮಿಶನರಿಗಳ ದಾರಿಯಿಂದ ಬೇರೆಯಾಯಿತು. ಇಲ್ಲಿಯ ಜನರ ನಡುವೆ ಇಲ್ಲಿಯವರಂತೆಯೇ ಸರಳವಾಗಿ ಬದುಕಬೇಕು, ಇಲ್ಲಿಯ ಸಾಹಿತ್ಯ, ಸಂಗೀತ, ಪುರಾಣ ಎಲ್ಲ ತಿಳಿಯಬೇಕು ಎಂಬ ಹಟ ಅವರದು. ಮೇಲಿನವರಿಗೆ ಇದು ರುಚಿಸಲಿಲ್ಲ. ಮಂಗಳೂರ ಸಮಾಚಾರ ಪತ್ರಿಕೆ ನಡೆಸಿದ ಹರ್ಮನ್ ಮೋಗ್ಲಿಂಗ್ ಅವರಂಥ ಹಿರಿಯರ ಬೆಂಬಲ ಇತ್ತು, ಅಷ್ಟೇ. ಪ್ರಚಾರದ ಕೆಲಸದಲ್ಲಿ ಕಿಟೆಲ್ ದೊಡ್ಡ ಹೆಸರು ಮಾಡಲಿಲ್ಲ. ಅವರ ಆಸೆ, ಆಯುಷ್ಯ ಎರಡೂ ಭಾಷೆಯ ಕಡೆ ತಿರುಗಿದವು. ಮಿಶನ್ನಿಗೆ ಆದ ನಷ್ಟ ನಮಗೆ ಲಾಭವಾಯಿತು ಎನ್ನಬೇಕು.

ಮುಂದೆ ಮಂಗಳೂರು. ಮತ್ತೆ ಕಡಲು, ಆದರೆ ಬೇರೆ ಬಗೆಯದು. ಇಲ್ಲಿ ಒಡ್ಡು ಬೇಡ, ಕೆಂಪು ಮುರಕಲ್ಲಿನ ಗುಡ್ಡಗಳು ನೀರಿನ ಹತ್ತಿರದವರೆಗೆ ಬಂದು ನಿಂತಿವೆ. ಉಬ್ಬರ-ಇಳಿತದ ಅಂತರ ಅವರ ಊರಿನಷ್ಟಿಲ್ಲ. ಅಲ್ಲಿ ಕಾಣದಂಥ ಮಳೆ ಇಲ್ಲಿ ಜೂನ್‌ನಿಂದ ಸುರಿಯುತ್ತದೆ. ಬಾಸೆಲ್ ಮಿಶನ್ನಿನ ಛಾಪಖಾನೆ 1841ರಿಂದ ಅಲ್ಲಿ ನಡೆಯುತ್ತಿತ್ತು. (ನಮ್ಮ ಕಡೆಯ ಹಳೆಯ ಮನೆಗಳಲ್ಲೂ ಅಲ್ಲಲ್ಲಿ ಕಾಣುವ ಮಂಗಳೂರು ಹೆಂಚಿನ ಕಾರ್ಖಾನೆಯೂ ಅವರದೇ, 1865ರದು.) 1860ರಲ್ಲಿ ಕಿಟೆಲ್ ಪೌಲಿನ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ ಪೌಲಿನ್ ತೀರಿಕೊಂಡರು, ಎರಡು ಸಣ್ಣ ಗಂಡುಮಕ್ಕಳು ಉಳಿದರು. ಆಮೇಲೆ ಪೌಲಿನ್ ಅವರ ತಂಗಿ ಯೂಲಿಯನ್ನು ಮದುವೆಯಾದರು.

1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದ ಕಥಾಮಾಲೆ ಬಂತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅದೇ 1875ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಲಿಂಗಾಯತ ಪುರಾಣಕಥೆಗಳ ಬಗ್ಗೆ ಬರೆದರು. ಬಸವಕಲ್ಯಾಣದ ನೆರೆಯವರಾದ ನಾವು ಅವರ ವಿವರಣೆಯನ್ನೆಲ್ಲ ಒಪ್ಪಬೇಕಿಲ್ಲ. ಹೊರಗಿನಿಂದ ಬಂದವರ ನೋಟ ಅಲ್ಲಿದೆ. ಆದರೆ ಆ ಕಾಲದಲ್ಲಿ ನಮ್ಮ ಪುರಾಣಗಳನ್ನು ಕನ್ನಡದಲ್ಲೇ ಓದಿ ಬರೆದ ಯುರೋಪಿನವರು ಎಷ್ಟು ಜನ?

ಇನ್ನು ನಿಘಂಟು. ಕಿಟೆಲ್ ಹುಟ್ಟಿದ 1832ರಲ್ಲೇ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಅದಕ್ಕೆ ಒಂದು ವರ್ಷ ಮೊದಲು ಮರಾಠಿಗೆ ಮೋಲ್ಸ್‌ವರ್ತ್ ನಿಘಂಟು ಬಂದಿತ್ತು. 1872ರಲ್ಲಿ ಗುಂಡರ್ಟ್ ಅವರ ಮಲಯಾಳಂ ನಿಘಂಟು ಬಂತು. ಕನ್ನಡಕ್ಕೆ ಹೊಸದು, ದೊಡ್ಡದು ಬೇಕಾಗಿತ್ತು. ಕಿಟೆಲ್ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಅದಕ್ಕೆ ಸವೆದರು. ಓಲೆಗರಿಯ ಪ್ರತಿಗಳು, ಹಳಗನ್ನಡ ಕಾವ್ಯ, ಶಾಲೆಯ ಪುಸ್ತಕ, ಗಾದೆ, ಬೀದಿಯ ಮಾತು ಎಲ್ಲವನ್ನೂ ಜರಡಿ ಹಿಡಿದರು. ಸ್ಥಳೀಯ ಪಂಡಿತರು ಜೊತೆಗಿದ್ದರು. 1877ರಲ್ಲಿ ಜರ್ಮನಿಗೆ ಮರಳಿದರು. 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು, ಐವತ್ತು ದಾಟಿದ ವಯಸ್ಸಿನಲ್ಲಿ, ಈ ಕೆಲಸ ಮುಗಿಸಲೆಂದೇ ಒಬ್ಬರೇ ತಿರುಗಿ ಬಂದರು. 1892ರಲ್ಲಿ ಸೋತ ಆರೋಗ್ಯದೊಂದಿಗೆ ಕಡೆಯ ಸಲ ಹಡಗು ಹತ್ತಿದರು. 1894ರಲ್ಲಿ ಮಂಗಳೂರಿನ ಛಾಪಖಾನೆಯಿಂದ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ.

ಅದನ್ನು ಒಮ್ಮೆ ತೆರೆದು ನೋಡಿ. ಶಬ್ದ, ಇಂಗ್ಲಿಷ್ ಅರ್ಥ, ತಮಿಳು-ತೆಲುಗು-ಮಲಯಾಳ-ತುಳುವಿನಲ್ಲಿ ಅದರ ಬಳಗ, ಸಂಸ್ಕೃತದಿಂದ ಬಂದಿದ್ದರೆ ಅದರ ಮೂಲ. ಜೊತೆಗೆ ಶಬ್ದ ಎಲ್ಲಿಯದು ಎಂಬ ಗುರುತು ಕೂಡ. ಮೈಸೂರು ಸೀಮೆಯಲ್ಲಿ ಆಡುವುದಕ್ಕೆ ಒಂದು ಗುರುತು, ದಕ್ಷಿಣ ಮರಾಠಾ ಸೀಮೆಯಲ್ಲಿ ಆಡುವುದಕ್ಕೆ ಇನ್ನೊಂದು. ಧಾರವಾಡ, ಬೆಳಗಾವಿ, ವಿಜಾಪುರ ಕಡೆಯನ್ನು ಇಂಗ್ಲಿಷರು ಆಗ ಹಾಗೆ ಕರೆಯುತ್ತಿದ್ದರು. ಮೈಸೂರಿನದು ಮಾತ್ರ ಶುದ್ಧ, ಉಳಿದದ್ದು ಒರಟು ಎಂದು ಕಿಟೆಲ್ ತಳ್ಳಿಹಾಕಲಿಲ್ಲ. ಮರಾಠಿಯಿಂದ, ಹಿಂದುಸ್ತಾನಿಯಿಂದ ಬಂದ ಶಬ್ದಗಳನ್ನೂ ಹಾಗೆಂದು ಗುರುತಿಸಿ ಒಳಗೆ ಸೇರಿಸಿಕೊಂಡರು. ಕನ್ನಡದಲ್ಲಿ ಮರಾಠಿ ಬೆರೆತಿದೆ ಎಂದು ಬೆಂಗಳೂರಿನ ನೆಂಟರ ಎದುರು ಸಂಕೋಚಪಡುವ ನಮ್ಮ ಹುಡುಗರಿಗೆ ಆ ಪುಟಗಳನ್ನು ತೋರಿಸಬೇಕು ಎನಿಸುತ್ತದೆ.

ಆದರೆ ಕಿಟೆಲ್ ಕೆಲಸ ಮಾಡಿದ ಊರುಗಳ ಪಟ್ಟಿ ನೋಡಿದರೆ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ. ನಮ್ಮ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಬಾಸೆಲ್ ಮಿಶನ್ನಿನ ಠಾಣೆಗಳು ಇತ್ತ ಬಂದಿರಲಿಲ್ಲ. ಮೈಸೂರಿಗೆ, ದಕ್ಷಿಣ ಮರಾಠಾ ಸೀಮೆಗೆ ಸಿಕ್ಕ ಗುರುತಿನಂತೆ ಬೀದರ ಸೀಮೆಯ ಹಳ್ಳಿಗಳ ಮಾತನ್ನು ಬಾಗಿಲಿಗೆ ಬಂದು ಕೇಳಿ ಬರೆದುಕೊಂಡವರಿಲ್ಲ. 1956ರಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬಿಟ್ಟು ಉಸ್ಮಾನಾಬಾದಿಗೆ, 1982ರಲ್ಲಿ ಹೊಸ ಲಾತೂರು ಜಿಲ್ಲೆಗೆ ಸೇರಿದವು. ಶಾಲೆ ಮರಾಠಿಯಾಯಿತು. ಮಾತು ಅಡುಗೆಮನೆಯಲ್ಲಿ, ಹೊಲದಲ್ಲಿ ಉಳಿಯಿತು. ಹಗೇವು ಎಂದರೆ ಅಜ್ಜಿಗೆ ತಕ್ಷಣ ಗೊತ್ತು: ಜೋಳ ತುಂಬಿಡುವ ನೆಲದೊಳಗಿನ ಕಣಜ, ಮರಾಠಿಯ ಪೇವ್. ಮೊಮ್ಮಗಳು ಹಗೇವನ್ನೂ ಕಂಡಿಲ್ಲ, ಆ ಶಬ್ದವನ್ನೂ ಕೇಳಿಲ್ಲ. ಕೂರಿಗಿ, ಎಡೆಕುಂಟಿ, ಬಣವಿ, ರಾಶಿ, ಕಣ ಎಲ್ಲಕ್ಕೂ ಇದೇ ಗತಿ ಬರುತ್ತಿದೆ. ಟ್ರ್ಯಾಕ್ಟರ್ ಬಂದ ಮೇಲೆ ಸಾಮಾನು ಹೋಯಿತು, ಸಾಮಾನಿನ ಹಿಂದೆಯೇ ಹೆಸರೂ ಹೊರಟಿತು. ವಾಂಗರೋಗೆಯಲ್ಲಿ ಬಿರುಗಾಳಿ ಬಂತು, ಇಲ್ಲಿ ಅದೂ ಬೇಕಾಗಿಲ್ಲ.

ಕಿಟೆಲ್ ಅವರ ಕೊನೆಯ ವರ್ಷಗಳು ದಕ್ಷಿಣ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕಳೆದವು. ಅದು ಕಡಲಿಲ್ಲದ, ಗುಡ್ಡಗಳ ನಡುವಿನ ಊರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕಣ್ಣು ಮಂಜಾಗಿದ್ದರೂ ಬರೆಯುವುದು ನಿಲ್ಲಲಿಲ್ಲ. ಕನ್ನಡ ವ್ಯಾಕರಣದ ದೊಡ್ಡ ಪುಸ್ತಕ 1903ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಹುಟ್ಟೂರಿಗೆ ಹತ್ತಿರದ ನೋರ್ಡನ್ ಪಟ್ಟಣದಲ್ಲಿ 1879ರಿಂದ 1884ರವರೆಗೆ, ಡೋರ್ನ್‌ಕಾಟ್ ಕೋಲ್ಮನ್ ಎಂಬವರು ಪೂರ್ವ ಫ್ರೀಸ್‌ಲ್ಯಾಂಡಿನ ಮನೆಮಾತಿನ ನಿಘಂಟನ್ನು ಮೂರು ಸಂಪುಟಗಳಲ್ಲಿ ತಂದರು. ಕಿಟೆಲ್ ಕಲೆಹಾಕುತ್ತಿದ್ದದ್ದು ಕನ್ನಡವನ್ನು.

ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಬೆಳೆಸಿ, 1968ರಿಂದ 1971ರ ನಡುವೆ ಮದ್ರಾಸ್ ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಹಳೆಯ ಮೊದಲ ಮುದ್ರಣ ಅಂತರ್ಜಾಲದಲ್ಲೇ ಓದಲು ಸಿಗುತ್ತದೆ, ಮೊಬೈಲಿನಲ್ಲಿ ತೆರೆಯಬಹುದು.

ಮುಂದಿನ ಬೈಠಕಿಗೆ ಬರುವ ಸದಸ್ಯರು ಒಂದು ಕೆಲಸ ಮಾಡಿಕೊಂಡು ಬರಲಿ ಎಂದು ಕೋರುತ್ತೇವೆ. ಮನೆಯ ಹಿರಿಯರನ್ನು ಕೇಳಿ ಹತ್ತು ಶಬ್ದ ಬರೆದು ತನ್ನಿ. ಹೊಲದ್ದು, ಒಲೆಯದ್ದು, ದನದ ಕೊಟ್ಟಿಗೆಯದ್ದು, ಯಾವುದಾದರೂ ಸರಿ. ಪಕ್ಕದಲ್ಲಿ ಊರಿನ ಹೆಸರು, ಹೇಳಿದವರ ವಯಸ್ಸು, ಮತ್ತು ಅದೇ ವಸ್ತುವಿಗೆ ಈಗ ಮನೆಯ ಮಕ್ಕಳು ಏನನ್ನುತ್ತಾರೆ ಎಂಬುದು ಇರಲಿ. ಕನ್ನಡ ಅಕ್ಷರ ಬಾರದವರು ದೇವನಾಗರಿಯಲ್ಲಿ ಬರೆದರೂ ನಡೆಯುತ್ತದೆ, ಫೋನಿನಲ್ಲಿ ಅಜ್ಜಿಯ ಧ್ವನಿಯನ್ನೇ ಹಿಡಿದು ತಂದರೆ ಇನ್ನೂ ಒಳ್ಳೆಯದು. ಎಲ್ಲರೂ ಕೂಡಿ ಕುಳಿತು ಒಂದೊಂದನ್ನೂ ಕಿಟೆಲ್ ನಿಘಂಟಿನಲ್ಲಿ ಹುಡುಕೋಣ. ಸಿಕ್ಕದ್ದನ್ನು ಒಂದು ಪಟ್ಟಿಯಲ್ಲಿ, ಸಿಗದದ್ದನ್ನು ಇನ್ನೊಂದು ಪಟ್ಟಿಯಲ್ಲಿ ಬರೆದು ಇದೇ ಪುಟದಲ್ಲಿ ಹಾಕುತ್ತೇವೆ.